ಮಸ್ಕಿ ಖಾಲಿ

ಮಸ್ಕಿಯ ಫಂಕ್ಷನ್ ಹಾಲಿಗೆ ಬರಬೇಕಿದ್ದ ಮದುವೆಗಳನ್ನು ಯಾರೂ ಬೇರೆ ಹಾಲಿನವರಿಗೆ ಮಾರಲಿಲ್ಲ, ಹುಸೇನಪ್ಪ ಕಾಕಾ. ಅವುಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವಳು ನಾನು. ನಾನು ಬರೆದ ಒಂದೇ ಒಂದು ಪದ ಆ ಕೆಲಸ ಮಾಡಿತು. ಧಣಿಗಳು ನಿಮ್ಮನ್ನು ಎಲ್ಲರ ಎದುರು ನಿಲ್ಲಿಸಿ ಕಳ್ಳ ಎಂದ ದಿನ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಸುಳ್ಳು — ನನ್ನನ್ನು ಕೇಳಿದರು, ನಾನು ಬಾಯಿ ಬಿಟ್ಟು ಸುಳ್ಳು ಹೇಳಿದೆ.

ಇದನ್ನು ತಗ್ಗಿದ ದನಿಯಲ್ಲಿ ಬರೆಯಬೇಕು ಅಂದುಕೊಂಡು ಕೂತೆ. ಆಗುತ್ತಿಲ್ಲ. ಬರೆಯುತ್ತ ಹೋದಂತೆ ಮೈ ಉರಿಯುತ್ತದೆ. ಧಣಿಗಳ ಮೇಲೆ ಸಿಟ್ಟು, ಆ ಹಾಳು ಆ್ಯಪಿನ ಪರದೆಯ ಮೇಲೆ ಸಿಟ್ಟು, ಅಂದು ಅಲ್ಲಿ ಕೂತು ತಲೆಯಾಡಿಸಿದ ಎಲ್ಲರ ಮೇಲೂ ಸಿಟ್ಟು. ಆದರೆ ಸಿಟ್ಟನ್ನು ಊರ ತುಂಬ ಹಂಚಿಬಿಟ್ಟರೆ ನನ್ನ ಪಾಲು ಕಡಿಮೆಯಾದೀತು ಅನ್ನುವ ಭಯವೂ ಇದೆ. ಆದ್ದರಿಂದ ನನ್ನಿಂದಲೇ ಶುರುಮಾಡುತ್ತೇನೆ.

ನನ್ನ ಕೆಲಸ ಏನು ಎಂದು ನಿಮಗೆ ನಾನು ಎಂದೂ ಸರಿಯಾಗಿ ಹೇಳಿರಲಿಲ್ಲ. ಲಿಂಗಸೂಗೂರಿನಲ್ಲಿ ಬಟ್ಟೆ ಅಂಗಡಿಯ ಮೇಲಿನ ಸಣ್ಣ ಕಚೇರಿಯಲ್ಲಿ ಕೂತು ಆ್ಯಪುಗಳ ಡಿಸೈನ್ ಮಾಡುವವಳು ನಾನು. ಒಳಗಿನ ಕೋಡು ಬರೆಯುವವನು ಇರ್ಫಾನ್. ಅದು ಕಣ್ಣಿಗೆ ಹೇಗೆ ಕಾಣಬೇಕು, ಬೆರಳು ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಒತ್ತಿದ್ದು ಗೊತ್ತಾಗುವುದು ಹೇಗೆ — ಇದು ನನ್ನ ಪಾಲು. ಪರದೆಯ ಮೇಲೆ ಒಂದರ ಪಕ್ಕ ಒಂದು ಚೌಕ ಬಿಡಿಸಿ, ಇವುಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನುವುದು. ಅವನ್ನು ನಾವು ಕಾರ್ಡು ಅನ್ನುತ್ತೇವೆ. ನೀವು ಡಬ್ಬಿ ಅನ್ನುತ್ತಿದ್ದಿರಿ. ಮಸ್ಕಿಗೆ ಬಂದಾಗಲೆಲ್ಲ ಗೇಟಿನಲ್ಲೇ ಕಾಲೆಳೆಯುತ್ತಿದ್ದಿರಿ. "ಬರ್ರೀ ಡಬ್ಬಿ ಇಂಜಿನಿಯರ್ರ. ಇವತ್ತ ಎಷ್ಟ ಡಬ್ಬಿ ಬರದ್ರಿ? ಒಂದರಾಗರ ಅನ್ನ ಸಾರು ಬರ್ತಾವೇನು?"

ಧಣಿಗಳಿಗೆ ಮೂರು ಫಂಕ್ಷನ್ ಹಾಲು. ಸಿಂಧನೂರಿನದು ಹಳೆಯದು, ಹೆಸರಾದದ್ದು. ಲಿಂಗಸೂಗೂರಿನದು ಬಸ್ ಸ್ಟ್ಯಾಂಡಿಗೆ ಹತ್ತಿರ. ಮಸ್ಕಿಯದು ಹೊಸದು, ಊರ ಹೊರಗೆ, ನಿಮ್ಮ ಕೈಯಲ್ಲಿ. ಇನ್ನು ಮೇಲೆ ಬಾಯಿಮಾತಿನ ಬುಕಿಂಗ್ ಬಂದ್, ಎಲ್ಲವೂ ಆ್ಯಪಿನಲ್ಲೇ ಆಗಬೇಕು ಎಂದು ಅವರು ಹೇಳಿದರು. ನಾನು ಡಿಸೈನ್ ಮಾಡಿದೆ. ಮದುವೆಯ ತಿಂಗಳು ಒತ್ತಿದರೆ ಮೂರು ಊರಿನ ಮೂರು ಕಾರ್ಡು ಬರುತ್ತಿದ್ದವು. ಹಾಲಿನ ಫೋಟೊ, ಊರಿನ ಹೆಸರು, ಅದರ ಕೆಳಗೆ ಆ ತಿಂಗಳು ಅಲ್ಲಿ ಜಾಗ ಇದೆಯೋ ಇಲ್ಲವೋ ಅನ್ನುವ ಒಂದು ಮಾತು. ಕಾರ್ಡಿನ ಯಾವ ಮೂಲೆ ಒತ್ತಿದರೂ ಸಾಕು, ಹಸಿರು ಅಂಚು ಬಂದು ಮೂಲೆಯಲ್ಲಿ ಸರಿ ಗುರುತು ಮೂಡುತ್ತಿತ್ತು. ಅದಕ್ಕಾಗಿ ನಾನು ಪಟ್ಟ ಪಾಡು! ಮದುವೆ ಗೊತ್ತುಮಾಡುವ ಮನೆಯಲ್ಲಿ ಫೋನು ಅಜ್ಜಿಯ ಕೈಗೂ ಹೋಗುತ್ತದೆ, ಆಕೆಯ ಬೆರಳು ಎಲ್ಲಿ ಬೀಳುತ್ತದೋ ಹೇಳಲಾಗದು, ಕಾರ್ಡು ದೊಡ್ಡದಿರಲಿ, ನಡುವೆ ಜಾಗ ಇರಲಿ ಎಂದು ಇರ್ಫಾನನ ಜೊತೆ ದಿನಗಟ್ಟಲೆ ಜಗಳವಾಡಿದ್ದೆ. ಬೆರಳಿನ ಬಗ್ಗೆ ಇಷ್ಟೆಲ್ಲ ಯೋಚಿಸಿದವಳು ಕಿವಿಯ ಬಗ್ಗೆ ಯೋಚಿಸಲಿಲ್ಲ.

ಜಾಗ ಇದೆ ಅನ್ನುವುದಕ್ಕೆ ಮೊದಲು ಇಂಗ್ಲಿಷ್ ಪದ ಇತ್ತು. ಧಣಿಗಳು ಕನ್ನಡ ಹಾಕಿ ಅಂದರು. 'ಲಭ್ಯ' ಅಂತ ಬರೆದು ನಾನೇ ಅಳಿಸಿದೆ — ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? ಅದು ಸರಕಾರಿ ಬೋರ್ಡಿನ ಮಾತು. ಆ ಸಂಜೆ ಸಿಂಧನೂರಿನ ನಮ್ಮ ಮನೆಗೆ ಹೋಗುವಾಗ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. "ಸೀಟ್ ಖಾಲಿ ಅದಾವ, ಬರ್ರಿ ಬರ್ರಿ!" ನನಗೆ ಸಿಕ್ಕಿಬಿಟ್ಟಿತು. ಖಾಲಿ. ಜನರ ಬಾಯಿಯ ಮಾತು! ಎಲ್ಲ ದಿನವೂ ಬಿಡುವಿದ್ದರೆ 'ಖಾಲಿ'. ಕೆಲವು ದಿನ ಹೋಗಿದ್ದರೆ 'ಕೆಲವು ದಿನ ಉಳಿದಿವೆ'. ಎಲ್ಲ ಹೋಗಿದ್ದರೆ 'ಭರ್ತಿ'. ಖಾಲಿ ಇರುವ ಕಾರ್ಡು ಖಾಲಿಯಾಗಿಯೇ ಕಾಣಲಿ ಎಂದು ಅದರ ಬಣ್ಣವನ್ನೂ ತೆಳ್ಳಗೆ ಮಾಡಿದೆ, ಬೆಳ್ಳಗೆ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ಸಂಜೆ ಮನೆಗೆ ಹೋಗಿ ಅವ್ವನಿಗೆ ನಾನೇ ಕೂಗಿ ಹೇಳಿರಬೇಕು, ಸಕ್ಕರೆ ಖಾಲಿ ಆಗಿದೆ ಅಂತ. ಸಿಲಿಂಡರ್ ಖಾಲಿ, ಎಣ್ಣೆ ಖಾಲಿ, ಅಂಗಡಿಯಲ್ಲಿ ಮಾಲು ಖಾಲಿ — ದಿನಾ ಆಡುವ ಮಾತು. ಬಸ್ಸಿನಲ್ಲಿ ಖಾಲಿ ಅಂದರೆ ಓಡಿಬಂದು ಹತ್ತು. ಅಂಗಡಿಯಲ್ಲಿ ಖಾಲಿ ಅಂದರೆ ಮುಗಿಯಿತು, ಮನೆಗೆ ಹೋಗು. ನನ್ನ ಕಾರ್ಡನ್ನು ನೋಡುವವರು ಬಸ್ ಹತ್ತುತ್ತಿದ್ದಾರೋ ಅಂಗಡಿಯ ಮುಂದೆ ನಿಂತಿದ್ದಾರೋ ಎಂದು ನಾನು ಒಮ್ಮೆಯಾದರೂ ಕೇಳಿಕೊಳ್ಳಬೇಕಿತ್ತು. ಇದೇ ನೆಲದಲ್ಲಿ ಹುಟ್ಟಿ, ಇದೇ ಮಾತು ಆಡಿಕೊಂಡು ಬೆಳೆದವಳು ನಾನು...

ಮದುವೆಯ ಹಂಗಾಮು ಬಂತು. ಸಿಂಧನೂರು, ಲಿಂಗಸೂಗೂರಿನಲ್ಲಿ ಮೊದಲೇ ಕೆಲವು ಮದುವೆ ಗೊತ್ತಾಗಿದ್ದವು. ಅವುಗಳ ಕಾರ್ಡಿನ ಮೇಲೆ 'ಕೆಲವು ದಿನ ಉಳಿದಿವೆ' ಅಂತ ಬಂತು. ಜನ ಅವಸರದಿಂದ ಒತ್ತಿದರು. ಮಸ್ಕಿ ಹೊಸ ಹಾಲು, ಅಲ್ಲಿ ಒಂದೂ ಬುಕಿಂಗ್ ಇರಲಿಲ್ಲ. ಹಾಗಾಗಿ ಅಲ್ಲಿ ಬಂದದ್ದು ಬಣ್ಣಗೆಟ್ಟ ಒಂದು ಕಾರ್ಡು, ಅದರ ಮೇಲೆ 'ಖಾಲಿ'. ಜನ ಅದನ್ನು ಮುಗಿಯಿತು ಎಂದು ಓದಿಕೊಂಡರು. ಒತ್ತಲಿಲ್ಲ. ಒತ್ತದಿದ್ದರಿಂದ ಅದು ಖಾಲಿಯಾಗಿಯೇ ಉಳಿಯಿತು. ಯಾವ ಹಾಲಿಗೆ ಜನ ಬರಬೇಕಿತ್ತೋ ಅದೇ ಹಾಲಿನ ಬಾಗಿಲನ್ನು ನಾನು ನನ್ನ ಕೈಯಾರೆ ಮುಚ್ಚಿದ್ದೆ. ನೀವು ದಿನಾ ಹಾಲು ಗುಡಿಸಿ, ಅಂಗಳಕ್ಕೆ ನೀರು ಹೊಡೆಸಿ, ಬಾರದ ಬೀಗರಿಗಾಗಿ ಕಾಯುತ್ತಿದ್ದಿರಿ.

ಇದು ನನಗೆ ಗೊತ್ತಾದದ್ದು ದಢೇಸುಗೂರಿನಲ್ಲಿ. ಗೆಳತಿಯ ತಂಗಿಯ ಮದುವೆ ಗೊತ್ತಾಗಿತ್ತು, ನಾನು ಹೋಗಿದ್ದೆ. ಅವರ ಅವ್ವ ಈರಮ್ಮ ಊಟಕ್ಕೆ ಬಡಿಸುತ್ತ, ಮದುವೆ ಲಿಂಗಸೂಗೂರಿನಲ್ಲಿ ಎಂದರು. ಬೀಗರು ಮಸ್ಕಿಯವರೇ ಅಲ್ಲವೇ, ಮಸ್ಕಿಯ ಹಾಲನ್ನೇ ಹಿಡಿಯಬಹುದಿತ್ತಲ್ಲ ಎಂದು ಕೇಳಿದೆ.

"ಹಿಡೀಬೇಕಂತಿದ್ವಿ ಬೇ. ನಿನ್ನ ಆ್ಯಪಿನ್ಯಾಗ ನೋಡಿದ್ರ ಖಾಲಿ ಅಂತ ಬಂತು. ಹೊಸಾ ಹಾಲು, ಇಷ್ಟ ಲಗೂ ಹ್ಯಾಂಗ ಖಾಲಿ ಆತು ಅಂತ ನಮ್ಮನ್ಯಾರು ಫೋನ್ ಹಚ್ಚಿದ್ರು. ಖಾಲಿ ಅಂತಲ್ರಿ ಅಂತ ಕೇಳಿದ್ರು. ಅಲ್ಲಿ ಯಾರೋ ದ್ಯಾವಪ್ಪ ಅಂತ, ಹೌದ್ರಿ ಖಾಲಿನ ಐತಿ ಅಂದ. ಆತು ಬಿಡ್ರಿ ಅಂತ ಇಟ್ಟಬಿಟ್ವಿ."

ದ್ಯಾವಪ್ಪ ಅಂದರೆ ನಿಮ್ಮ ತಮ್ಮ, ಹಾಲಿನ ಫೋನು ಹಿಡಿಯುತ್ತಿದ್ದವರು. ಅವರು ಬಸ್ಸಿನ ಖಾಲಿ ಹೇಳಿದ್ದರು, ಈರಮ್ಮನವರಿಗೆ ಅಂಗಡಿಯ ಖಾಲಿ ಕೇಳಿಸಿತ್ತು. ಆ ಒಂದು ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಎಷ್ಟು ಮನೆಯವರು ಹೀಗೆ ಫೋನು ಮಾಡಿ, ಅದೇ ಮಾತು ಕೇಳಿ, ಹಾಗೇ ಇಟ್ಟಿರಬೇಕು! ಆ ಗಳಿಗೆಯಲ್ಲೇ ಧಣಿಗಳಿಗೆ ಹೇಳಿದ್ದರೆ... ಹೇಳಲಿಲ್ಲ. ಮೊದಲು ಪದ ಬದಲಿಸಿ ಆಮೇಲೆ ಹೇಳಿದರಾಯಿತು ಅಂದುಕೊಂಡೆ. ನನ್ನ ತಪ್ಪು ಹೊರಗೆ ಬೀಳುವಾಗ ತಿದ್ದಿದ ಬಟ್ಟೆ ಹಾಕಿಕೊಂಡು ಬರಲಿ ಎಂಬ ಆಸೆ. ಅಷ್ಟರಲ್ಲಿ ಧಣಿಗಳು ಎಲ್ಲರನ್ನೂ ಸಿಂಧನೂರಿಗೆ ಕರೆಸಿದರು.

ಆ ಸಭೆ ನಿಮಗೆ ನೆನಪಿದೆ, ಆದರೆ ಅದರೊಳಗಿದ್ದ ನನ್ನನ್ನು ನೀವು ನೋಡಿಲ್ಲ. ಧಣಿಗಳು ಗೋಡೆಯ ಟಿವಿಗೆ ನನ್ನ ಆ್ಯಪನ್ನೇ ಹಾಕಿಸಿದ್ದರು. ನೀವು ಟವೆಲ್ಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ.

"ಮೂರೂ ಊರಿಗೆ ಒಂದ ಆ್ಯಪು. ಎರಡ ಊರಾಗ ನಡೀತೈತಿ. ಮಸ್ಕ್ಯಾಗ ಯಾಕ ನಡಿಯಂಗಿಲ್ಲ?" ಎಂದರು ಧಣಿಗಳು. "ನಿಮ್ಮ ಫೋನಿಗೆ ಇಷ್ಟ ಮಂದಿ ಮಾಡ್ಯಾರ. ಒಬ್ಬರೂ ಬುಕ್ ಮಾಡಿಲ್ಲ. ಎಲ್ಲಿ ಹೋದ್ರು ಅವರು? ಯಾವ ಹಾಲಿನಾವ್ಗ ಮಾರೀರಿ, ಹೇಳ್ರಿ ಹುಸೇನಪ್ಪ."

ನೀವು ಎದ್ದು ನಿಂತಿರಿ. ನಿಮ್ಮ ದನಿ ಏರಲಿಲ್ಲ. "ಧಣ್ಯಾರ, ಮಂದಿ ಮದುವಿಗೆ ಮಾತ ಕೊಟ್ಟು ಕುಂದ್ರಾಂವ ನಾ. ಮದುವಿ ಮಾರಾಂವಲ್ಲ." ಆಮೇಲೆ ನನ್ನ ಕಡೆ ತಿರುಗಿದಿರಿ. ನೋಡಿ, ಇದನ್ನೇ ನನಗೆ ಮರೆಯಲಾಗುವುದಿಲ್ಲ, ನೀವು ನನ್ನನ್ನು ಅನುಮಾನದಿಂದ ನೋಡಲಿಲ್ಲ, ನಂಬಿಕೆಯಿಂದ ನೋಡಿದಿರಿ. "ತಂಗೀ, ನಿನ್ನ ಡಬ್ಬ್ಯಾಗ ಏನರ ಹೆಚ್ಚುಕಮ್ಮಿ ಆಗೈತೇನು? ಸುಮ್ಮ ಕೇಳ್ತೀನಿ."

"ಇಲ್ಲ ಕಾಕಾ," ಅಂದೆ. "ಆ್ಯಪ್ ಸರಿ ಐತ್ರಿ."

ಯಾಕೆ ಹಾಗಂದೆ ಎಂದು ಕಾರಣ ಬರೆಯಬಲ್ಲೆ. ಹೊಸ ಕೆಲಸ, ಧಣಿಗಳ ಮುಂದೆ ಮುಖ ಕೆಡುವ ಭಯ, ಇನ್ನೂ ಏನೇನೋ. ಬರೆಯುವುದಿಲ್ಲ. ಅಷ್ಟು ಜನರಲ್ಲಿ ಸತ್ಯ ಗೊತ್ತಿದ್ದವಳು ನಾನೊಬ್ಬಳೇ, ಕೇಳಿದ್ದೂ ನನ್ನನ್ನೇ.

ಮತ್ತೆ ಧಣಿಗಳ ಮೇಲಿನ ಸಿಟ್ಟು ತಡೆಯಲಾಗುತ್ತಿಲ್ಲ, ಹೇಳಿಬಿಡುತ್ತೇನೆ. ಫೋನು ಮಾಡಿದ ಅಷ್ಟು ಮಂದಿಯಲ್ಲಿ ಒಬ್ಬರಿಗಾದರೂ ತಿರುಗಿ ಫೋನು ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಬಹುದಿತ್ತಲ್ಲ? ಕೇಳಲಿಲ್ಲ. ಗೋಡೆಯ ಮೇಲೆ ಬಣ್ಣಬಣ್ಣದ ಚೌಕ ಹೊಳೆಯುತ್ತಿತ್ತು, ಅದು ಸುಳ್ಳು ಹೇಳುವುದಿಲ್ಲ ಅಂದುಕೊಂಡರು. ಮನುಷ್ಯ ಎದುರಿಗೆ ನಿಂತು ಹೇಳಿದರೂ ನಂಬಲಿಲ್ಲ, ಡಬ್ಬಿಯನ್ನು ನಂಬಿದರು. ಆ ಡಬ್ಬಿಗೆ ಆ ಬೆಲೆ ತಂದುಕೊಟ್ಟವರು ನನ್ನಂಥವರೇ. ನಮ್ಮ ಡಿಸೈನ್ ಬಳಸುವವರಿಗೆ ಹಿಡಿಸದಿದ್ದರೆ 'ಯೂಸರ್‌ಗೆ ತಿಳಿಯಲ್ಲ ಬಿಡು' ಎಂದು ನಗುವ ನಾವು. ತಿಳಿಯದೇ ಇದ್ದದ್ದು ಯಾರಿಗೆ? ಈರಮ್ಮನಿಗೆ ಕನ್ನಡ ತಿಳಿದಿತ್ತು.

ನಿಮ್ಮನ್ನು ಅಂದೇ ಕೆಲಸದಿಂದ ಬಿಡಿಸಿದರು. ಎರಡು ದಿನದ ಮೇಲೆ ಹೊಸ ಮ್ಯಾನೇಜರಿಗೆ, ಅಂದರೆ ಧಣಿಗಳ ಅಳಿಯನಿಗೆ, ಆ್ಯಪು ಕಲಿಸಲು ನಾನು ಮಸ್ಕಿಗೆ ಬಂದೆ. ಗೇಟಿನ ಹತ್ತಿರ ನೀವೂ ದ್ಯಾವಪ್ಪಣ್ಣನೂ ಇದ್ದಿರಿ, ನಿಮ್ಮ ಸಾಮಾನು ಆಟೊಗೆ ಹಾಕುತ್ತ. ನಿಮ್ಮ ಬೈಗುಳ ದೂರದಿಂದಲೇ ಕೇಳಿಸಿತು.

"ಆ್ಯಪ್ ಸರಿ ಐತಿ ಅಂತ ಆ ಹುಡುಗಿ ಬಾಯಿ ಬಿಟ್ಟು ಹೇಳ್ಯಾಳ. ಅಕಿ ಯಾಕ ಸುಳ್ಳ ಹೇಳ್ತಾಳ? ನಾ ಮಾರಿಲ್ಲ. ಮತ್ತ ಯಾರ ಮಾರ್ಯಾರ? ಫೋನ್ ಯಾರ ಕೈಯಾಗಿತ್ತಲೇ?"

"ಅಣ್ಣಾ, ನಿನ್ನಾಣಿ —"

ನೀವು ಹೊಡೆದಿರಿ. ಎದುರಿನ ಚಹಾ ಅಂಗಡಿಯವರು, ಆಟೊದವನು, ಹೊಸ ಮ್ಯಾನೇಜರು, ಎಲ್ಲರೂ ನೋಡಿದರು. ನಾನೂ ನೋಡಿದೆ. ದ್ಯಾವಪ್ಪಣ್ಣ ಕೆನ್ನೆಯ ಮೇಲೆ ಕೈ ಇಟ್ಟುಕೊಳ್ಳಲೂ ಇಲ್ಲ. ಆಗಲೂ ಸಮಯ ಇತ್ತು, ಕಾಕಾ. ನಾಲ್ಕು ಹೆಜ್ಜೆ ನಡೆದು ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಟ್ಯಾಬನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದುಬಿಟ್ಟೆ.

ಆಮೇಲೆ ಮಾಡಿದ್ದು ಇನ್ನೂ ಹೀನ. ಅದೇ ವಾರ ಪದ ಬದಲಿಸಿದೆ. 'ಖಾಲಿ' ತೆಗೆದು 'ಎಲ್ಲ ದಿನ ಸಿಗುತ್ತವೆ' ಎಂದು ಬರೆದೆ, ಕಾರ್ಡಿಗೆ ಬಣ್ಣ ತುಂಬಿದೆ. ಯಾಕೆ ಅಕ್ಕಾ ಎಂದು ಇರ್ಫಾನ್ ಕೇಳಿದ. ಚಂದ ಕಾಣಲಿ ಅಂತ ಎಂದೆ. ಬುಕಿಂಗ್ ಬರತೊಡಗಿತು. ಬಾರದೆ ಏನು? ಧಣಿಗಳು ಅಳಿಯನ ಕೈಗುಣ ಹೊಗಳಿದರು. ಕಳ್ಳ ಹೋದ, ಹಾಲಿಗೆ ಲಕ್ಷ್ಮಿ ಬಂದಳು ಎಂದು ಹತ್ತು ಮಂದಿಯಲ್ಲಿ ಹೇಳಿಕೊಂಡು ತಿರುಗಿದರು. ಬುಕಿಂಗ್ ಬಂದದ್ದೇ ನಿಮ್ಮ ಕಳ್ಳತನಕ್ಕೆ ಸಾಕ್ಷಿಯಾಯಿತು. ನನ್ನ ತಪ್ಪನ್ನು ನಾನು ತಿದ್ದಿದೆ, ಆ ತಿದ್ದುಪಡಿ ನಿಮ್ಮ ಕುತ್ತಿಗೆಗೆ ಬಂತು. ಹೊಸ ಡಿಸೈನಿನಿಂದ ಹಾಲು ನಡೆಯಿತು ಎಂದು ನನಗೆ ಅದೇ ಮಸ್ಕಿಯ ವೇದಿಕೆಯ ಮೇಲೆ ಶಾಲು ಹೊದಿಸಿದರು. ಹೊದಿಸಿಕೊಂಡೆ, ಕಾಕಾ. ಕೈಮುಗಿದು, ನಕ್ಕು, ಫೋಟೊಕ್ಕೂ ನಿಂತೆ.

ವರ್ಷಗಳು ಹೋದವು. ನಿಮ್ಮ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಮೊದಲು ಮಸ್ಕಿಯ ಸುತ್ತ ಯಾವ ಮನೆಯ ಮದುವೆಯ ಮಾತುಕತೆಯಾದರೂ ನಡುವೆ ಕೂಡಲು ನೀವು ಬೇಕಿತ್ತು. ಎರಡೂ ಕಡೆಯವರು ನಿಮ್ಮ ಮಾತಿಗೆ ಎಲೆ ಅಡಿಕೆ ಹಿಡಿಯುತ್ತಿದ್ದರು. ಈಗ ಕರೆಯುವವರಿಲ್ಲ ಅಂತ ಕೇಳಿದೆ. ಕೇಳಿಯೂ ನನ್ನ ಊಟ, ನನ್ನ ಕೆಲಸ ನಡೆದಿತ್ತು. ಮೊನ್ನೆ ನಮ್ಮ ಮನೆಯಲ್ಲೇ ನನ್ನ ತಂಗಿಯ ಮಾತುಕತೆಯ ತಯಾರಿ ನಡೆದಿತ್ತು. ಗಂಡಿನ ಕಡೆಯವರು ಮಸ್ಕಿಯವರು. ನಡುವೆ ಯಾರನ್ನು ಕೂಡಿಸುವುದು ಎಂದು ಬಂದಾಗ ಅಪ್ಪ ನಿಮ್ಮ ಹೆಸರು ಹೇಳಿದರು. ನಮ್ಮ ಸೋದರಮಾವ ಚಹಾದ ಬಟ್ಟಲು ಕೆಳಗಿಟ್ಟು ಅಂದರು, "ಏ, ಅವ ಬ್ಯಾಡ. ಮದುವಿ ಮಾರಾಂವ ಅವ."

ನೀವು ಅಂದು ಧಣಿಗಳಿಗೆ ಹೇಳಿದ ಮಾತು ಊರಲ್ಲಿ ತಿರುಗಿ ತಿರುಗಿ, 'ಅಲ್ಲ' ಎಂಬುದನ್ನು ಎಲ್ಲೋ ಉದುರಿಸಿಕೊಂಡು, ನಿಮ್ಮ ಹೆಸರಾಗಿಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಅವ್ವ, "ಈಗ್ಯಾಕ ಬೇ ಅದೆಲ್ಲಾ? ತಂಗಿ ಮದುವಿ ಆಗಲಿ ತಡಿ," ಅಂದಳು.

ಮರುದಿನ ಧಣಿಗಳ ಹತ್ತಿರ ಹೋದೆ. ಅವರು ಕೇಳಿಸಿಕೊಂಡು ನಕ್ಕರು. ನಿಜವಾಗಿ ನಕ್ಕರು! "ಖಾಲಿ ಅಂದಿದ್ದಕ್ಕ ಇಷ್ಟೆಲ್ಲಾ ಆತಾ? ಹೋಗ್ಲಿ ಬಿಡವ್ವ, ಹಳೇ ಮಾತು. ಈಗ ಹಾಲು ಚಲೋ ನಡದೈತಲ್ಲ." ಒಬ್ಬ ಮನುಷ್ಯನ ಮರ್ಯಾದೆ ಅವರಿಗೆ ಹಳೇ ಮಾತು. ಊರವರ ಮುಂದೆ ಹುಸೇನಪ್ಪ ಕಾಕಾನ ಹೆಸರು ತೊಳೆಯಿರಿ, ಹಾಲಿನಲ್ಲೇ ನಾಲ್ಕು ಮಂದಿಯನ್ನು ಕೂಡಿಸಿ ಹೇಳಿ ಎಂದೆ. ಅಳಿಯನಿಗೆ ಅವಮಾನ ಆಗುತ್ತದೆ ಎಂದರು. ಅವಮಾನ! ಆ ಪದ ಅವರ ಬಾಯಲ್ಲಿ ಬಂದಾಗ ಟೇಬಲ್ಲಿನ ಮೇಲಿದ್ದ ಗಾಜಿನ ಲೋಟ ಎತ್ತಿ ಒಗೆಯಬೇಕು ಅನ್ನಿಸಿತು. ಆದರೆ ನಾನೂ ಇಷ್ಟು ವರ್ಷ ಅವರ ಪಕ್ಕದಲ್ಲೇ ನಿಂತಿದ್ದೆನಲ್ಲ. ಅವರ ಕೆಲಸ ಬಿಟ್ಟು ಹೊರಗೆ ಬಂದೆ. ಈಗ ಸಿಕ್ಕಸಿಕ್ಕವರಿಗೆ ನಾನೇ ಹೇಳುತ್ತಿದ್ದೇನೆ.

ಅಲ್ಲಿಂದ ಗೊರೇಬಾಳಕ್ಕೆ ಹೋದೆ. ದ್ಯಾವಪ್ಪಣ್ಣ ಆ ಏಟಿನ ಮೇಲೆ ಊರು ಬಿಟ್ಟು ಅಲ್ಲಿ ಗದ್ದೆಗಳಿಗೆ ನೀರು ಕಟ್ಟುವ ಕೆಲಸಕ್ಕೆ ನಿಂತದ್ದು ನಿಮಗೂ ಗೊತ್ತಿರಬೇಕು. ಬದುವಿನ ಮೇಲೆ ಸಿಕ್ಕರು. ಹೇಳುತ್ತ ಹೋದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಸನಿಕೆಯನ್ನು ಮಣ್ಣಿಗೆ ಕುಕ್ಕಿ ನಿಲ್ಲಿಸಿದರು.

"ಎಲ್ಲಾರೂ ಖಾಲಿ ಅಂತಲ್ರಿ ಅಂತಿದ್ರು. ನಾ ಖುಷೀಲೆ ಹೌದ್ರಿ ಖಾಲಿ ಐತಿ ಅಂತಿದ್ದೆ. ಪಟ್ಟಂತ ಇಟ್ಟಬಿಡ್ತಿದ್ರು," ಎಂದರು. "ನನ್ನ ದನಿಯಾಗ ಏನ ಖೋಡಿ ಐತೋ, ನನ್ನ ಮಾತು ಕೇಳಿದ್ರ ಮಂದಿ ಯಾಕ ಓಡಿಹೋಗ್ತಾರೋ ಅಂತ... ಇಷ್ಟ ವರ್ಷ ಅದನ್ನ ತಿಳಕೊಂಡೀನಿ. ಫೋನ್ ಎತ್ತೋದ ಬಿಟ್ಟೀನಿ ನಾನು." ಆಮೇಲೆ ದನಿ ಏರಿತು. "ಗೇಟಿನ್ಯಾಗ ನೀ ನಿಂತಿದ್ದಿ. ನಾ ನೋಡೀನಿ ನಿನ್ನ. ಒಂದ ಮಾತ ಆಡಿದ್ರ ನಿನ್ನ ಗಂಟೇನ ಹೋಗ್ತಿತ್ತು?"

ಕಾಲಿಗೆ ಬೀಳಲು ಹೋದೆ, ಹಿಂದೆ ಸರಿದರು. ಅಣ್ಣನಿಗೆ ಇವತ್ತೇ ಹೋಗಿ ಹೇಳುತ್ತೇನೆ ಎಂದೆ. ಆಗ ಅವರ ಮುಖವೇ ಬೇರೆಯಾಯಿತು. ಕೆಸರಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು.

"ಅಣ್ಣಗ ಹೇಳಬ್ಯಾಡವ್ವ. ಊರಿಗೆಲ್ಲಾ ಹೇಳು, ಅವನ ಹೆಸರು ತೊಳಿ. ನನ್ನ ವಿಷಯ ಮಾತ್ರ ಎತ್ತಬ್ಯಾಡ. ನಾನ ಎಲ್ಲೋ ತಪ್ಪ ಮಾಡೀನಿ ಅಂತನ ತಿಳಕೊಂಡಿರ್ಲಿ. ತಪ್ಪಿಲ್ಲದ ತಮ್ಮನ್ನ ಮಂದ್ಯಾಗ ಹೊಡದೀನಿ ಅಂತ ಗೊತ್ತಾದ್ರ ಅವ ಊಟ ಬಿಡ್ತಾನ. ನನಗ ಗೊತ್ತೈತಿ ಅವನ ಸ್ವಭಾವ."

ದಾರಿಯುದ್ದಕ್ಕೂ ಯೋಚಿಸಿದೆ. ಅವರ ಮಾತು ಕೇಳುವುದು ನನಗೆ ಎಷ್ಟು ಸುಲಭ! ಇನ್ನೊಂದು ಸಲ ಸುಮ್ಮನಿರುವುದು, ಅದೂ ಈ ಸಲ ಒಳ್ಳೆಯವಳೆನಿಸಿಕೊಂಡು. ನನ್ನ ತಪ್ಪನ್ನು ಹೊರಲು ನಿಮ್ಮಿಬ್ಬರಲ್ಲಿ ಒಬ್ಬರು ಯಾವಾಗಲೂ ಸಿಗುತ್ತಾರೆ. ನೀವು ಹೊತ್ತಿರಿ, ಅವರು ಹೊತ್ತರು, ಇನ್ನು ಸಾಯುವತನಕ ಹೊರುತ್ತೇನೆ ಎಂದೂ ಅನ್ನುತ್ತಿದ್ದಾರೆ. ಆಗದು, ಕಾಕಾ. ಇದರಿಂದ ನಿಮಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ನೋವಿಗೂ ನಾನೇ ಹೊಣೆ. ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬಂದು ಇದನ್ನೇ ಬಾಯಿ ಬಿಟ್ಟು ಹೇಳುತ್ತೇನೆ, ನಿಮ್ಮ ಓಣಿಯವರಿಗೆಲ್ಲ ಕೇಳುವ ಹಾಗೆ. ಕ್ಷಮೆ ಕೇಳುವುದಿಲ್ಲ. ಅದನ್ನು ಕೊಡುವ ಕೆಲಸವನ್ನೂ ನಿಮ್ಮ ತಲೆಗೆ ಕಟ್ಟಲಾರೆ.

ನಿಮ್ಮ ತಮ್ಮ ಕಳ್ಳನಲ್ಲ, ಹುಸೇನಪ್ಪ ಕಾಕಾ. ಅಂದು ಗೇಟಿನಲ್ಲಿ ನೀವು ಹೊಡೆದದ್ದು ನನ್ನ ಸುಳ್ಳನ್ನು ನಂಬಿ. ಅವರು ಗೊರೇಬಾಳದಲ್ಲಿ ನಿಮ್ಮ ದಾರಿ ಕಾಯುತ್ತಿಲ್ಲ. ನೀವು ಬರುತ್ತೀರಿ ಎಂಬ ಆಸೆಯನ್ನೂ ನನ್ನ ಇಷ್ಟು ವರ್ಷದ ಸುಳ್ಳು ಅವರಲ್ಲಿ ಉಳಿಸಿಲ್ಲ.